ತಂಬಿಟ್ಟಿನ ದಿಲ್‌ಪಸಂದ್

ಹುಳಿಯಾರು
೨-೭-೨೦೦೬

ಪ್ರೀತಿಯ ಭಾನುಗೆ, ಯಮುನಾ ಮಾಡುವ ವಂದನೆಗಳು.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲವೆಂದು ನೀನು ಮುನಿಸಿಕೊಂಡಿದ್ದರೆ ಅದು ನ್ಯಾಯವೇ. ಈ ತಿಂಗಳಲ್ಲಿ ನನ್ನ ಕೈ ಮೈದಾ ಹಿಟ್ಟು ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಈಗಲೂ ಹಿಟ್ಟಿನ ಮೂಟೆಯ ಮೇಲೆ ಕುಳಿತು, ರಟ್ಟಿನ ಡಬ್ಬವೊಂದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗೆ ಕಂಡರೆ ಬೈಯಬೇಡ. ಕಾಲೇಜಿನಲ್ಲಿ ನನ್ನ ನೋಟ್ಸ್ ನೋಡಿಕೊಂಡೇ ನೀನು ಪಾಸಾದದ್ದು.

ಮೊದಲು ಸಂತೋಷದ ಸುದ್ದಿ. ನಿನ್ನ ಸೋದರಮಾವ ಮರುಳಪ್ಪನವರು ನಮಗೆ ಮಳಿಗೆ ಕೊಟ್ಟರು. ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ರಸ್ತೆಯಲ್ಲಿದೆ. ಮೊದಲು ಅವರು ಕೊಬ್ಬರಿ ತುಂಬಿಡುತ್ತಿದ್ದ ಜಾಗ. ಸುಣ್ಣ ಹೊಡೆಸಿದರೂ ಗೋಡೆಗಳು ಕೊಬ್ಬರಿ ವಾಸನೆ ಬಿಟ್ಟಿಲ್ಲ. ಹಿಂದೆ ಒಂದು ಕೋಣೆ, ಒಂದು ಬಚ್ಚಲು ಇವೆ. ನಾವಿಬ್ಬರೂ ಸಂಸಾರವನ್ನು ಅಲ್ಲಿಗೇ ತಂದುಕೊಂಡಿದ್ದೇವೆ. ನೀನು ನಿಮ್ಮ ಮಾವನಿಗೆ ಒಂದು ಮಾತು ಹೇಳದೇ ಇದ್ದಿದ್ದರೆ, ಗೊಲ್ಲರ ಹಟ್ಟಿಯಿಂದ ಬಂದ ನಮ್ಮನ್ನು ನಂಬಿ ಪೇಟೆಯ ಮಳಿಗೆಯನ್ನು ಯಾರು ಕೊಡುತ್ತಿದ್ದರು? ಇದನ್ನು ನಾನು ಮರೆಯುವವಳಲ್ಲ.

ನಮ್ಮವರು, ಚಿತ್ತೇಶ್, ತುಮಕೂರಿನ ಬೇಕರಿಯಲ್ಲಿ ಇಷ್ಟು ವರ್ಷ ಬೇರೆಯವರ ಹಿಟ್ಟು ಕಲಸಿದವರು. ಸ್ವಂತ ಭಟ್ಟಿ ಕಟ್ಟಿಸಿದ ದಿನ ಅದರ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ, ಎಷ್ಟೋ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕುಳಿತಿದ್ದರು. ಉರುವಲಿಗೆ ನಮ್ಮ ಸೀಮೆಯಲ್ಲಿ ಬರವೇ? ಕರಟ, ಕಾಯಿ ಮಟ್ಟೆ ಎಷ್ಟು ಬೇಕಾದರೂ ಸಿಗುತ್ತದೆ. ಬೆಂಕಿ ಜೋರು. ಹದ ತಿಳಿಯುವವರೆಗೆ ಬ್ರೆಡ್ಡು ಸೀದದ್ದೇ ಸೀದದ್ದು.

ಮರುಳಪ್ಪನವರು ಹಾಕಿದ್ದು ಒಂದೇ ಷರತ್ತು. "ಮೊಟ್ಟೆ ಮಾತ್ರ ಒಳಿಕ್ಕೆ ತರಬ್ಯಾಡಿ ಕಣಪ್ಪ. ಮಿಕ್ಕಿದ್ದು ನಿಮ್ಮಿಷ್ಟ" ಅಂದರು. ಆ ಒಂದು ಮಾತಿಗೆ ನಮ್ಮವರು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಗಾಜಿನ ಬೀರು ಅರ್ಧ ಖಾಲಿಯಾಯಿತು. ಕೇಕು ಹೋಯಿತು, ಎಗ್ ಪಫ್ ಹೋಯಿತು, ಹನಿ ಕೇಕೂ ಹೋಯಿತು. ಬ್ರೆಡ್ಡು, ಬನ್ನು, ರಸ್ಕು, ಖಾರಾ ಬಿಸ್ಕತ್ತು, ಪಲ್ಯದ ಬನ್ನು ಉಳಿದವು. ಅವೆಲ್ಲ ಪೇಟೆಯ ಆ ತುದಿಯಲ್ಲಿರುವ ಹಳೇ ಬೇಕರಿಯಲ್ಲೂ ಸಿಗುತ್ತವೆ. ಅಲ್ಲಿಗೆ ಹೋಗುವವರು ಕಾಲು ತಿರುಗಿಸಿ ನಮ್ಮಲ್ಲಿಗೆ ಬರಬೇಕಾದರೆ ನಮ್ಮದೇ ಅನ್ನುವಂಥದ್ದು ಒಂದಾದರೂ ಇರಬೇಕು.

ಅದು ದಿಲ್‌ಪಸಂದ್ ಆಗಲಿ ಎಂದು ನಾನೇ ಹೇಳಿದೆ. ನಿನಗೆ ನೆನಪಿರಬೇಕು, ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸಿಗೆ ಕಾಯುವಾಗ ಒಂದು ತುಂಡು ಕೊಂಡು ಇಬ್ಬರೂ ಹಂಚಿಕೊಳ್ಳುತ್ತಿದ್ದೆವು. ಮೇಲೆ ಕೆಳಗೆ ಪದರಪದರ ಹಿಟ್ಟು, ನಡುವೆ ಸಿಹಿ ತೆಂಗಿನ ಹೂರಣ. ಹೂರಣ ಹೆಚ್ಚಿದ್ದ ಕಡೆ ಯಾವಾಗಲೂ ನಿನ್ನ ಪಾಲಿಗೇ ಬರುತ್ತಿತ್ತು. ಕೊಬ್ಬರಿಯ ನಾಡಿನಲ್ಲಿ ಬೇಕರಿ ಇಟ್ಟು ದಿಲ್‌ಪಸಂದ್ ಚೆನ್ನಾಗಿ ಮಾಡದಿದ್ದರೆ ಹೇಗೆ?

ಆದರೆ ಯಾವ ಹೂರಣ? ಅದನ್ನು ಆರಿಸುವುದರಲ್ಲೇ ಈ ತಿಂಗಳು ಕಳೆದದ್ದು.

ಮೊದಲನೆಯದು ನಮ್ಮವರು ತುಮಕೂರಿನಲ್ಲಿ ಕಲಿತದ್ದು. ಹಳೇ ಬ್ರೆಡ್ಡಿನ ಪುಡಿ, ಸಕ್ಕರೆ, ಸ್ವಲ್ಪ ಕಾಯಿ, ಕೆಂಪು ಹಸಿರು ಟೂಟಿ ಫ್ರೂಟಿ, ಹಳದಿ ಬಣ್ಣ, ಎಸೆನ್ಸು. ನೋಡುವುದಕ್ಕೆ ಬಲು ಚೆಂದ. ತಿಂದರೆ ಎಲ್ಲ ಊರಿನ ದಿಲ್‌ಪಸಂದಿನ ಹಾಗೇ ಇತ್ತು. ನಮ್ಮವರಿಗೆ ಹಾಗೆ ಹೇಳಿದಾಗ, ಎಲ್ಲ ಊರಿನವರೂ ಅದನ್ನೇ ತಾನೇ ತಿನ್ನುತ್ತಿರುವುದು ಎಂದರು.

ಎರಡನೆಯದು ಮರುಳಪ್ಪನವರ ಹೆಂಡತಿ, ನಿನ್ನ ಅತ್ತೆ ದ್ರಾಕ್ಷಾಯಣಮ್ಮನವರದು. ಅವರು ತಾವಾಗಿಯೇ ಸೆರಗು ಸಿಕ್ಕಿಸಿಕೊಂಡು ಬಂದು, ನಿಮ್ಮ ಮನೆಯ ಕಾಯಿ ಹೋಳಿಗೆ ಹೂರಣವನ್ನು ತೋರಿಸಿಕೊಟ್ಟರು. ಹಸಿ ಕಾಯಿ, ಬೆಲ್ಲ, ಏಲಕ್ಕಿ. ಪರಿಮಳಕ್ಕೆ ರಸ್ತೆಯಲ್ಲಿ ಹೋಗುವವರು ಇಣುಕಿ ನೋಡಿದರು. ಆದರೆ ಭಟ್ಟಿಯಲ್ಲಿ ಬೆಲ್ಲ ಕರಗಿ ಹೊರಗೆ ಹರಿದು, ಅಡಿ ಮೆತ್ತಗಾಗಿ, ತಟ್ಟೆಗೆ ಕಚ್ಚಿಕೊಂಡಿತು. ಮಾರನೆಯ ದಿನ ನೋಡಿದರೆ ಹುಳಿ ವಾಸನೆ. ಹೋಳಿಗೆಯನ್ನು ಎಲೆಯ ಮೇಲೆ ಬಿಸಿಯಾಗಿ ಹಾಕಬೇಕು, ಬೀರುವಿನಲ್ಲಿ ಕೂರಿಸುವ ಪದಾರ್ಥ ಅಲ್ಲ ಎಂದು ಅವರೇ ಒಪ್ಪಿಕೊಂಡರು. ಎರಡನೆಯ ಸಲ ಹಸಿ ಕಾಯಿ ಬಿಟ್ಟು ಒಣ ಕೊಬ್ಬರಿ ತುರಿದೆವು. ಆಗ ಹೂರಣ ಮರಳಿನ ಹಾಗೆ ಉದುರಿತು. ತಿಂದವರ ಸೀರೆಯ ಮೇಲೆಲ್ಲ ಹೂರಣ.

ಅಷ್ಟರಲ್ಲಿ ಹಟ್ಟಿಯಲ್ಲಿ ದೇವರ ಪೂಜೆ ಬಂತು. ನಮ್ಮ ಅತ್ತೆ ಭೀಮಕ್ಕ ತಂಬಿಟ್ಟು ಮಾಡಿದ್ದರು. ಹುರಿಗಡಲೆಯನ್ನು ಇನ್ನೊಂದು ಸಲ ಬೆಚ್ಚಗೆ ಮಾಡಿ ಬೀಸಿ, ಬೆಲ್ಲದ ಎಳೆ ಪಾಕಕ್ಕೆ ಕೊಬ್ಬರಿ, ಎಳ್ಳು ಬೆರೆಸಿ, ಆ ಹಿಟ್ಟನ್ನು ಹಾಕಿ ಕಟ್ಟುತ್ತಾರೆ. ವಾರವಾದರೂ ಕೆಡುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಉಂಡೆ ಬಾಯಿಗೆ ಹಾಕಿಕೊಂಡೆ. ಒಣಗಿದ್ದರೂ ಉದುರಲಿಲ್ಲ, ಮೆತ್ತಗಿದ್ದರೂ ಹರಿಯಲಿಲ್ಲ. ಹುಳಿಯಾರಿನಲ್ಲಿ ಇಳಿದವಳೇ ನೆಟ್ಟಗೆ ಭಟ್ಟಿಯ ಹತ್ತಿರ ಹೋದೆ.

ಆ ದಿನ ಮಾಡಿದ ದಿಲ್‌ಪಸಂದನ್ನು ದ್ರಾಕ್ಷಾಯಣಮ್ಮನವರ ಮುಂದೆ ಇಟ್ಟೆ. ಅವರು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿದರು. "ಇದು ನಮ್ಮನೇದೂ ಅಲ್ಲ, ಬೇಕ್ರೀದೂ ಅಲ್ಲ. ಇದನ್ನೇ ಇಡು ಕಣೇ" ಅಂದರು. ನಮ್ಮವರು ಎರಡನೆಯ ತುಂಡು ತೆಗೆದುಕೊಂಡರು. ನಾನು ಗೆದ್ದೆ ಅಂದುಕೊಂಡೆ.

ತೊಡಕು ಈಗ ಬಂದಿದೆ. ಸುದ್ದಿ ತಿಳಿದು ಅತ್ತೆ ಹಟ್ಟಿಯಿಂದ ಬಂದರು. ನಮ್ಮ ಕಡೆಯ ಕಟ್ಟಳೆ ನಿನಗೆ ಗೊತ್ತು. ಮುಟ್ಟಾದ ಹೆಂಗಸು, ಹೆತ್ತ ಬಾಣಂತಿ ಹಟ್ಟಿಯ ಒಳಗೆ ಇರುವ ಹಾಗಿಲ್ಲ. ಬೇಲಿಯ ಆಚೆ ಸೋಗೆ ಹೊದಿಸಿದ ಗುಡ್ಲಿದೆ, ದಿನ ಮುಗಿಯುವವರೆಗೆ ಅಲ್ಲಿರಬೇಕು. ಕಾಲೇಜು ಓದುವಾಗ ನಾನು ಅಂಥ ದಿನಗಳಲ್ಲಿ ಊರಿಗೆ ಹೋಗದೆ ಹಾಸ್ಟೆಲಿನಲ್ಲೇ ಉಳಿದುಬಿಡುತ್ತಿದ್ದೆ. ಅತ್ತೆ ಅಂಗಡಿಯ ಬೆಂಚಿನ ಮೇಲೆ ಕುಳಿತು, ಕೋಪವಿಲ್ಲದೆ ಹೇಳಿದರು, ತಂಬಿಟ್ಟು ದೇವರದು, ಮಡಿಯಲ್ಲಿ ಮಾಡುವಂಥದ್ದು ಎಂದು. ಅದನ್ನು ಮಾರುವುದಕ್ಕೆ ಅವರ ಅಡ್ಡಿ ಇಲ್ಲವಂತೆ, ನಾಲ್ಕು ಜನರ ಬಾಯಿ ಸಿಹಿಯಾದರೆ ಒಳ್ಳೆಯದೇ ಅಂತೆ. ಆದರೆ ತಿಂಗಳಿಗೊಮ್ಮೆ ಆ ದಿನಗಳಲ್ಲಿ ನಾನು ಅಂಗಡಿ ಬಿಟ್ಟು ಹಟ್ಟಿಗೆ ಬಂದು ಗುಡ್ಲಿನಲ್ಲಿ ಇರಬೇಕಂತೆ. ಹಾಗಿದ್ದರೆ ಮಾತ್ರ ಆ ಹೂರಣ. ಇಲ್ಲದಿದ್ದರೆ ಹಟ್ಟಿಯವರು ಯಾರೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಅವರೂ ನಮ್ಮ ಮನೆಯ ನೀರು ಮುಟ್ಟುವುದಿಲ್ಲ.

ನಮ್ಮವರು ನನ್ನ ಮುಖ ನೋಡಿದರು. ಅವರ ಹೊಟ್ಟೆಯಲ್ಲಿ ಏನಿದೆ ಎಂದು ನನಗೆ ಗೊತ್ತು. ತಿಂಗಳಿಗೆ ಮೂರು ದಿನ ತಾನೇ ಎಂದು ಅವರಿಗೆ ಅನ್ನಿಸುತ್ತಿದೆ. ಬಾಯಿಬಿಟ್ಟು ಹೇಳಿಲ್ಲ, ಅಷ್ಟು ಪುಣ್ಯ.

ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ ಭಾನು. ಮನಸ್ಸು ಗಟ್ಟಿಯಾಗಿದೆ, ಹೇಳುವ ಮಾತು ಇನ್ನೂ ಗಟ್ಟಿಯಾಗಿಲ್ಲ. ನಾಳಿದ್ದು ಅತ್ತೆ ಮತ್ತೆ ಬರುತ್ತಾರೆ. ನಿಮ್ಮ ಮನೆಯವರಿಗೆ, ತುರುವೇಕೆರೆಯ ನಿಮ್ಮ ಶಾಲೆಯ ಟೀಚರುಗಳಿಗೆ ನಮಸ್ಕಾರ ತಿಳಿಸು. ನಿನ್ನ ಪುಟ್ಟ ಈಗ ಗೋಡೆ ಹಿಡಿದು ನಡೆಯುತ್ತಿರಬೇಕು. ಬೀಳುತ್ತಾನೆಂದು ಹಿಡಿದುಕೊಂಡೇ ಇರಬೇಡ.

ನಿನ್ನ ಗೆಳತಿ,
ಯಮುನಾ

ತಾ.ಕ.: ನಿಮ್ಮ ಊರಿನಲ್ಲಿ ಮೊಹರು ಹಾಕಿದ ಕಾಗದದ ಚೀಲ ಮಾಡಿಕೊಡುವವರು ಇದ್ದಾರೆಯೇ ವಿಚಾರಿಸು. ಇಲ್ಲಿ ಎಲ್ಲರೂ ಹಳೇ ಪೇಪರಿನಲ್ಲೇ ಕಟ್ಟಿಕೊಡುತ್ತಾರೆ, ಎಣ್ಣೆ ಇಳಿದು ಅಕ್ಷರವೆಲ್ಲ ಬಿಸ್ಕತ್ತಿಗೆ ಹತ್ತುತ್ತದೆ.


ಹುಳಿಯಾರು
೧೯-೧೧-೨೦೦೬

ಪ್ರೀತಿಯ ಭಾನು,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಈ ಸಲದ ತಡಕ್ಕೆ ಕೆಲಸವನ್ನು ದೂರುವುದಿಲ್ಲ. ಬಿಡುವಿತ್ತು, ಬರೆಯುವ ಮನಸ್ಸಿರಲಿಲ್ಲ. ಕ್ಷಮಿಸು. ಈಗ ಮನಸ್ಸೂ ಇದೆ, ಹೇಳುವುದಕ್ಕೂ ಇದೆ.

ಅತ್ತೆಗೆ ಏನು ಹೇಳಿದೆ ಎಂದು ಕೇಳಿದ್ದೀಯ. ಹೂರಣ ಬಿಟ್ಟುಕೊಟ್ಟೆ. "ಅತ್ತೆ, ತಂಬಿಟ್ಟಿನ ಹೂರಣ ಬ್ಯಾಡ ಅಂದ್ರೆ ಬುಡ್ತೀನಿ. ಗುಡ್ಲಿಗೆ ಮಾತ್ರ ಬರಾಕಿಲ್ಲ" ಅಂದೆ. ಅವರ ಎದುರು ಅಷ್ಟು ಉದ್ದದ ಮಾತು ನಾನು ಆಡಿದ್ದು ಅದೇ ಮೊದಲು. ಅವರು ಬೈಯಲಿಲ್ಲ, ಅಳಲಿಲ್ಲ. ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ನಮ್ಮವರು ಹಿಂದೆಯೇ ಓಡಿಹೋಗಿ ಬಸ್ಸು ಹತ್ತಿಸಿ ಬಂದರು.

ಶ್ರಾವಣದ ಮೊದಲ ಸೋಮವಾರ ಅಂಗಡಿ ತೆರೆದೆವು. ಮರುಳಪ್ಪನವರು ಕಾಯಿ ಒಡೆದರು. ಬೀರುವಿನಲ್ಲಿ ನಮ್ಮವರ ಹಳದಿ ದಿಲ್‌ಪಸಂದ್ ಇಟ್ಟೆವು. ಮೊದಲ ವಾರ ಹೊಸತೆಂದು ಜನ ಬಂದರು. ಆಮೇಲೆ ಬ್ರೆಡ್ಡು ಹೋಯಿತು, ಖಾರಾ ಬಿಸ್ಕತ್ತು ಹೋಯಿತು, ದಿಲ್‌ಪಸಂದ್ ಮಾತ್ರ ಕುಳಿತಲ್ಲೇ ಕುಳಿತಿತ್ತು. ಅದೇ ಬಣ್ಣದ್ದು, ಅದೇ ರುಚಿಯದು ಹಳೇ ಬೇಕರಿಯಲ್ಲಿ ಇನ್ನೂ ಅಗ್ಗಕ್ಕೆ ಸಿಗುವಾಗ ನಮ್ಮದು ಯಾರಿಗೆ ಬೇಕು? ಸಂಜೆ ಉಳಿದದ್ದನ್ನು ನಾವೇ ತಿನ್ನುತ್ತಿದ್ದೆವು. ಅದೂ ಬೇಸರ ಬಂದು ನಿಮ್ಮ ಅತ್ತೆಯ ಮನೆಯ ಎಮ್ಮೆಗೆ ಹಾಕಿದೆವು. ಎಮ್ಮೆಯೂ ಟೂಟಿ ಫ್ರೂಟಿಯನ್ನು ಉಗುಳಿತೆಂದು ದ್ರಾಕ್ಷಾಯಣಮ್ಮನವರು ಬಂದು ಹೇಳಿದರು. ನಾವು ಮೂವರೂ ನಕ್ಕೆವು. ನಮ್ಮವರು ಎಲ್ಲರಿಗಿಂತ ಮುಂಚೆ ನಗು ನಿಲ್ಲಿಸಿದರು.

ಆ ಇನ್ನೊಂದು ದಿಲ್‌ಪಸಂದ್ ಎಲ್ಲಿ ಎಂದು ದ್ರಾಕ್ಷಾಯಣಮ್ಮನವರು ಕೇಳಿದಾಗ ನಡೆದದ್ದನ್ನು ಹೇಳಿದೆ. ಅವರು, ಅತ್ತೆಯ ಮನಸ್ಸು ನೋಯಿಸಿ ಸಂಪಾದಿಸುವುದು ಬೇಡ, ಬೇರೆ ಹೂರಣ ನೋಡೋಣ ಅಂದರು. ನೋಡಿದೆವು. ಎಳ್ಳು ಬೆಲ್ಲ ಹಾಕಿದೆವು, ಕಹಿಯಾಯಿತು. ಕಡಲೆಬೇಳೆ ಹೂರಣ ಹಾಕಿದೆವು, ಒಬ್ಬಟ್ಟನ್ನು ಸುಟ್ಟ ಹಾಗಾಯಿತು. ಕರ್ಜಿಕಾಯಿಯ ರವೆ ಸಕ್ಕರೆ ಹಾಕಿದ್ದು ಪರವಾಗಿಲ್ಲ ಎನ್ನುವಂತಿತ್ತು. ಪರವಾಗಿಲ್ಲ ಎನ್ನುವುದನ್ನು ಕೊಳ್ಳಲು ಯಾರೂ ರಸ್ತೆ ದಾಟಿ ಬರುವುದಿಲ್ಲ. ಪ್ರತಿಯೊಂದನ್ನು ತಿನ್ನುವಾಗಲೂ ತಂಬಿಟ್ಟಿನ ರುಚಿ ನಾಲಗೆಗೆ ಅಡ್ಡ ಬರುತ್ತಿತ್ತು. ಅತ್ತೆಗೆ ಗೊತ್ತಾಗದ ಹಾಗೆ ಅದನ್ನೇ ಮಾಡಿಬಿಡೋಣ ಎಂದು ನಮ್ಮವರು ಒಮ್ಮೆ ಹೇಳಿಯೂ ಬಿಟ್ಟರು. ನಾನು ಒಪ್ಪಲಿಲ್ಲ. ಅವರ ದೇವರ ಹೂರಣವನ್ನು ಅವರಿಂದ ಕದ್ದು ಮಾರುವುದು ನನ್ನಿಂದ ಆಗದ ಕೆಲಸ.

ಗೌರಿಹಬ್ಬ ಕಳೆದ ಮೇಲೆ ನಮ್ಮವರು ತುಮಕೂರಿನ ಮಾತೆತ್ತಿದರು. ಅಲ್ಲಿ ಅವರು ಮೊದಲು ದುಡಿಯುತ್ತಿದ್ದ ಬೇಕರಿಯವರು ದೀಪಾವಳಿಯವರೆಗೆ ಬಾ ಎಂದು ಕರೆಯುತ್ತಿದ್ದಾರಂತೆ. ತಾವು ಅಲ್ಲಿ ದುಡಿಯುವುದು, ನಾನು ಹಟ್ಟಿಗೆ ಹೋಗಿ ಅತ್ತೆಯ ಜೊತೆ ಇರುವುದು, ಅಂಗಡಿಯ ಬಾಗಿಲು ಸ್ವಲ್ಪ ದಿನ ಹಾಕಿಡುವುದು. ಹಿಟ್ಟು ನಾದುತ್ತಲೇ ಹೇಳಿದರು, ನನ್ನ ಕಡೆ ತಿರುಗಲಿಲ್ಲ. ಸ್ವಲ್ಪ ದಿನ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನವರಾತ್ರಿಯವರೆಗೆ ನೋಡೋಣ ಎಂದು ಕೇಳಿಕೊಂಡೆ. ಹೂಂ ಅಂದರು.

ಅದಾದ ಮೇಲಿನ ಸಂತೆಯ ದಿನ ಅತ್ತೆ ಬಂದರು. ಜುಲೈಯಲ್ಲಿ ಹೋದವರು ಅಂದೇ ಮೊದಲು ಬಂದದ್ದು. ಸಂತೆಗೆ ಬಂದವರು ಮಗನನ್ನು ನೋಡಿಕೊಂಡು ಹೋಗೋಣ ಎಂದು ಬಂದಿದ್ದರು. ನಮ್ಮವರು ಒಳಗೆ ಭಟ್ಟಿಯ ಹತ್ತಿರ ಇದ್ದರು, ನಾನು ಗಲ್ಲಾದಲ್ಲಿ ಕುಳಿತಿದ್ದೆ. ಅತ್ತೆ ಬೀರುವನ್ನು ಎಡದಿಂದ ಬಲಕ್ಕೆ ನೋಡಿದರು. ಹಿಂದಿನ ದಿನದ ಹಳದಿ ದಿಲ್‌ಪಸಂದ್ ಹಾಗೇ ಇತ್ತು. ಅದರ ಮೇಲೆ ಕಣ್ಣು ನಿಲ್ಲಿಸಿ, ವ್ಯಾಪಾರ ಹೇಗೆ ಎಂದು ಕೇಳಿದರು. ಸುಮಾರು ಎಂದೆ. ನನ್ನ ಮುಖ ಬಾಡಿದ್ದನ್ನು ಕಂಡರೋ ಏನೋ,

"ಹೊರಗಾಗಿದ್ದೀಯೇನೇ?" ಅಂದರು.

ನೀನು ನಿನ್ನ ಕಾಗದದಲ್ಲಿ ಬರೆದಿದ್ದೆ: ಸುಳ್ಳು ಹೇಳಿಬಿಡು, ಅಂಗಡಿಯ ಹಿಂದಿನ ಕೋಣೆಯಲ್ಲಿ ಯಾವಾಗ ಏನಾಯಿತೆಂದು ಹಟ್ಟಿಗೆ ಹೇಗೆ ಗೊತ್ತಾಗುತ್ತದೆ ಎಂದು. ಆ ಗಳಿಗೆಯಲ್ಲಿ ಆ ಮಾತು ನೆನಪಾಯಿತು. ಇಲ್ಲ ಅತ್ತೆ ಎನ್ನುವುದು ಎಷ್ಟು ಸುಲಭವಾಗಿತ್ತು. ಆದರೆ ಇವತ್ತು ಇಲ್ಲ ಎಂದರೆ ಬರುವ ತಿಂಗಳೂ ಇಲ್ಲ ಎನ್ನಬೇಕು, ಮುದುಕಿಯಾಗುವವರೆಗೆ ಇಲ್ಲ ಎನ್ನುತ್ತಲೇ ಇರಬೇಕು.

"ಹೂಂ ಅತ್ತೆ, ನೆನ್ನೆಯಿಂದ" ಅಂದೆ.

ಅತ್ತೆ ಎದ್ದು ನಿಂತರು. ಬೆಂಚಿನ ಮೇಲಿದ್ದ ಚೀಲವನ್ನು ತೆಗೆದುಕೊಂಡು, ಮಗನನ್ನೂ ಮಾತಾಡಿಸದೆ ಹೊರಟುಹೋದರು. ಬೆಂಚಿನ ಆ ಮೂಲೆಯಲ್ಲಿ ಬ್ರೆಡ್ಡು ಕೊಳ್ಳಲು ಬಂದ ಇಬ್ಬರು ಹೆಂಗಸರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಅವರಿಗೆ ಬ್ರೆಡ್ಡು ಕಟ್ಟಿಕೊಟ್ಟೆ. ದಾರಕ್ಕೆ ಎರಡೆರಡು ಸಲ ಗಂಟು ಹಾಕಿದೆ.

ನಮ್ಮವರಿಗೆ ಸಿಟ್ಟು ಬರುವುದು ಅಪರೂಪ. ಅಂದು ಬಂತು. ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ನನ್ನವ್ವನನ್ನು ಪೇಟೆಯ ನಡುವೆ ಹಾಗೆ ಕಳಿಸಿದೆಯಲ್ಲ ಎಂದು ಕೂಗಾಡಿದರು. ತುಮಕೂರಿಗೆ ಸೋಮವಾರವೇ ಹೋಗುತ್ತೇನೆ ಎಂದರು. ನನ್ನ ಬಟ್ಟೆಯನ್ನು ಚೀಲಕ್ಕೆ ತುಂಬುವುದಿಲ್ಲ ಎಂದಷ್ಟೇ ಹೇಳಿದೆ. ಒಬ್ಬಳೇ ಬ್ರೆಡ್ಡು ಸುಟ್ಟುಕೊಂಡಾದರೂ ಇಲ್ಲೇ ಇರುತ್ತೇನೆಂದು ಮನಸ್ಸಿನಲ್ಲೇ ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ನಮ್ಮವರು ನಿಜವಾಗಿಯೂ ಚೀಲ ಹಿಡಿದು ನಿಂತಿದ್ದರು. ಹೊರಡುವ ಮುಂಚೆ ಭಟ್ಟಿ ಹೊತ್ತಿಸಿಕೊಡುತ್ತೇನೆ ಎಂದು ಒಳಗೆ ಹೋದವರು ಬಹಳ ಹೊತ್ತು ತೆಗೆದುಕೊಂಡರು. ಆಗ ಅತ್ತೆ ಬಂದರು. ತಲೆಯ ಮೇಲೆ ಬಟ್ಟೆಯ ಗಂಟು. ಅದನ್ನು ಇಳಿಸಿ ನನ್ನ ಮುಂದೆ ಬಿಚ್ಚಿದರು. ಹೊಸದಾಗಿ ಬೀಸಿದ ಹುರಿಗಡಲೆ ಹಿಟ್ಟು, ಎರಡು ಅಚ್ಚು ಬೆಲ್ಲ, ಹುರಿದ ಎಳ್ಳು. ಹಿಟ್ಟಿಗೆ ಇನ್ನೂ ಬೀಸುವ ಕಲ್ಲಿನ ಬಿಸಿ ಇತ್ತು ಅನ್ನಿಸಿತು ನನಗೆ.

"ಎಲ್ಲಿಗ್ಲಾ ಹೊಂಟಿದ್ದೀಯ?" ಎಂದು ಮಗನನ್ನು ಕೇಳಿದರು. "ಚೀಲ ಇಕ್ಕು. ಕೊಬ್ರಿ ತುರಿ" ಅಂದರು.

ಆಮೇಲೆ ನನ್ನ ಕಡೆ ತಿರುಗಿದರು. "ಆ ದಿನ ಬಂದಾಗ ಹೇಳ್ಕಳ್ಸು. ನಾನು ಬತ್ತೀನಿ. ಹೂರಣ ನಾನ್ ಕಲಸ್ತೀನಿ, ನೀನು ಗಲ್ಲಾದ ತಾವ ಕುಂತ್ಕ. ಗುಡ್ಲಿಗೆ ಬರಾದು ಬ್ಯಾಡ."

ಅಷ್ಟೇ ಮಾತು. ಭಟ್ಟಿಯ ಮುಂದೆ ಕಾಲು ನೀಡಿ ಕುಳಿತು ಪಾಕ ಹಿಡಿದರು. ನಾನು ಹಿಟ್ಟಿನ ಪದರ ಲಟ್ಟಿಸಿದೆ, ನಮ್ಮವರು ಕೊಬ್ಬರಿ ತುರಿದು ತುರಿದು ಕೊಟ್ಟರು. ತುಮಕೂರಿನ ಬಸ್ಸು ಹಾರ್ನ್ ಹಾಕಿಕೊಂಡು ಹೋದಾಗ ಮೂವರೂ ತಲೆ ಎತ್ತಲಿಲ್ಲ.

ಈಗಿನ ಸ್ಥಿತಿ ಹೇಳುತ್ತೇನೆ. ನಿಮ್ಮ ಮಾವ ಬೋರ್ಡಿನ ಕೆಳಗೆ "ತಂಬಿಟ್ಟಿನ ದಿಲ್‌ಪಸಂದ್ ಸಿಗುತ್ತದೆ" ಎಂದು ಬರೆಸಿದ್ದಾರೆ. ತಿಪಟೂರಿಗೆ, ಹಿರಿಯೂರಿಗೆ ಹೋಗುವ ಬಸ್ಸಿನವರು ಇಳಿದು ಬಂದು ಕೇಳುತ್ತಾರೆ. ಡ್ರೈವರುಗಳು ಮನೆಗೆ ಇಡಿಯದನ್ನೇ ಒಯ್ಯುತ್ತಾರೆ. ಹಳದಿಯದನ್ನೂ ನಿಲ್ಲಿಸಿಲ್ಲ, ಮಕ್ಕಳಿಗೆ ಆ ಬಣ್ಣವೇ ಬೇಕು. ದಿನಕ್ಕೊಂದು ತಟ್ಟೆ ಮಾಡುತ್ತೇವೆ, ಅದೂ ಖರ್ಚಾಗುತ್ತದೆ. ಅಂದು ನನ್ನ ಸುದ್ದಿ ಕೇಳಿಸಿಕೊಂಡಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರು ಮತ್ತೆ ಬಂದೇ ಇಲ್ಲ. ಇನ್ನೊಬ್ಬರು ವಾರಕ್ಕೆ ಎರಡು ಸಲ ಬರುತ್ತಾರೆ. ಹಟ್ಟಿಯವರೂ ಬರುತ್ತಾರೆ, ಭೀಮಕ್ಕನ ಕೈಯದು ಎಂದು.

ಎಲ್ಲವೂ ನೇರವಾಯಿತು ಎಂದುಕೊಳ್ಳಬೇಡ. ಆ ದಿನಗಳಲ್ಲಿ ಅತ್ತೆ ನನ್ನ ಕೈಯಿಂದ ನೀರು ಕುಡಿಯುವುದಿಲ್ಲ, ಬಾಟಲಿಯಲ್ಲಿ ತಂದುಕೊಳ್ಳುತ್ತಾರೆ. ವಾಪಸು ಹೋಗುವಾಗ ಹಟ್ಟಿಯ ಹೊರಗಿನ ತೊಟ್ಟಿಯಲ್ಲಿ ಮಿಂದೇ ಒಳಗೆ ಹೋಗುತ್ತಾರೆ. ಈ ಚಳಿಯಲ್ಲಿ ತಣ್ಣೀರು ಹುಯ್ದುಕೊಳ್ಳಬೇಡಿ ಎಂದರೆ ಕೇಳುವುದಿಲ್ಲ. ಸೊಸೆಯನ್ನು ಯಾಕೆ ಕರೆಸಿಕೊಳ್ಳುತ್ತಿಲ್ಲ ಎಂದು ಹಟ್ಟಿಯ ಹಿರಿಯರು ಕೇಳಿದರಂತೆ. "ನನ್ ಸೊಸೆ ಹುಳಿಯಾರ್ನಾಗವ್ಳೆ, ಹಟ್ಟ್ಯಾಗಿಲ್ಲ" ಎಂದು ಹೇಳಿ ಎದ್ದು ಬಂದರಂತೆ. ಅದನ್ನು ನಮಗೆ ಹೇಳಿದ್ದು ಅತ್ತೆಯಲ್ಲ, ಹಾಲು ಹಾಕಲು ಬರುವವರು. ನಮ್ಮವರು ತುಮಕೂರಿನ ಮಾತನ್ನು ಮತ್ತೆ ಆಡಿಲ್ಲ. ನಾನೂ ಆ ದಿನದ ಕೂಗಾಟದ ಮಾತು ಎತ್ತಿಲ್ಲ.

ಸಂಕ್ರಾಂತಿಗೆ ನೀನು ನೊಣವಿನಕೆರೆಯ ತವರಿಗೆ ಬರುತ್ತೀಯೆಂದು ದ್ರಾಕ್ಷಾಯಣಮ್ಮನವರು ಹೇಳಿದರು. ಅಲ್ಲಿಂದ ಇಲ್ಲಿಗೆ ಎಷ್ಟು ದೂರ? ಪುಟ್ಟನನ್ನು ಕರೆದುಕೊಂಡು ಬಾ. ಬೀರುವಿನ ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲಲಿ, ನಾನು ಒರೆಸಿಕೊಳ್ಳುತ್ತೇನೆ. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಮಗ ನೂರು ವರ್ಷ ಬಾಳಲಿ.

ಎಂದೂ ನಿನ್ನವಳಾದ
ಯಮುನಾ

ತಾ.ಕ.: ನನ್ನ ಮಗುವಿಗೆ ಏನು ಹೆಸರಿಟ್ಟೆ ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ಕಳೆದ ವರ್ಷ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನ್ನ ಹೊಟ್ಟೆ ನೋಡಿ ನೀನು ಹೆಣ್ಣೇ ಆಗುತ್ತದೆ ಎಂದಿದ್ದೆ. ಹೆಣ್ಣೇ ಆಯಿತು. ಆಸ್ಪತ್ರೆಯಲ್ಲಿ ಸುಖವಾಗಿ ಹುಟ್ಟಿತು, ಮೈತುಂಬಿಕೊಂಡಿತ್ತು. ಅಲ್ಲಿಂದ ನಮ್ಮನ್ನು ಗುಡ್ಲಿಗೆ ಕರೆತಂದರು. ಆಗ ಮಳೆ ಹಿಡಿದಿತ್ತು. ಸೋಗೆ ಸೋರುತ್ತಿತ್ತು. ಅತ್ತೆ ಒಳಗೆ ಬರುವ ಹಾಗಿರಲಿಲ್ಲ. ಹೊರಗೇ ನಿಂತು, ತಾವು ಹೊದ್ದಿದ್ದ ಕಂಬಳಿಯನ್ನು ತೆಗೆದು ಸೋಗೆಯ ಮೇಲೆ ಹಾಸಿ, ತಾವು ನೆನೆದರು. ಮಗುವಿಗೆ ಎದೆ ಕಟ್ಟಿತು. ಬೆಳಿಗ್ಗೆ ಹುಳಿಯಾರಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ನನ್ನ ತೋಳಲ್ಲೇ ಹೋಯಿತು. ಹೆಸರಿಡುವ ಶಾಸ್ತ್ರಕ್ಕೆ ಇನ್ನೂ ದಿನವಿತ್ತು.

ಅತ್ತೆ ಗಂಟು ಹೊತ್ತು ಬಂದ ಆ ಸೋಮವಾರ ನಮ್ಮವರು ಕೊಬ್ಬರಿ ತರಲು ಹೋಗಿದ್ದಾಗ, ಅತ್ತೆ ಪಾಕ ತಿರುಗಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು: "ಒಂದ್ಸಾರಿನೂ ಎತ್ಕಳ್ಳಲಿಲ್ಲ ಕಣೇ ನಾನು ಆ ಮಗೀನ. ಆಚೆಯಿಂದ್ಲೇ ನೋಡ್ದೆ. ಮನಸ್ನಾಗೆ ಮಾತ್ರ ಹೆಸ್ರಿಟ್ಟು ಕರೀತಿದ್ದೆ."

ಏನು ಹೆಸರು ಎಂದು ಕೇಳಿದೆ. ಹೇಳಿದರು. ಇಷ್ಟು ದಿನ ನಿನಗೆ ಉತ್ತರ ಬರೆಯಲು ನನ್ನ ಹತ್ತಿರ ಹೆಸರಿರಲಿಲ್ಲ ಭಾನು. ಸಿರಿಯಮ್ಮ ಅಂತೆ.